ಬಂಡೂರಿನಲ್ಲಿ ಬಿಸಿಲಿಗೆ ಕಂಬಳಿ ಹೊದಿಸಿದ್ದು

ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕಬೇಡಿ ಎಂದು ನಾನು ಹೇಳಿದ್ದೆ. ನಮ್ಮನೆಯವರು ಕೇಳಲಿಲ್ಲ. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ನಮ್ಮೂರು ಹೊಳಲಿನಿಂದ ಹೊರಟೆವು. ಅವರ ಹೆಗಲಲ್ಲಿ ಸ್ಪ್ಯಾನರುಗಳ ಹಳೆಯ ಚೀಲ. ನನ್ನ ಕೈಚೀಲದಲ್ಲಿ ರೊಟ್ಟಿ ಚಟ್ನಿಯ ಬುತ್ತಿ, ಒಂದೊಂದು ಜೊತೆ ಬಟ್ಟೆ, ಒಂದು ತೆಂಗಿನಕಾಯಿ. ಗಾಳಿ ಎಷ್ಟಿತ್ತೆಂದರೆ ಬಸ್ಸು ಬರುವವರೆಗೂ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದುಕೊಂಡೇ ನಿಂತಿದ್ದೆ.

ಪ್ರವಾಸ ಎಂದರೆ ಓದುವವರು ನಗಬಹುದು. ಹೊಳಲಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ, ಬಂಡೂರು, ಕೊನೆಗೆ ಮುತ್ತತ್ತಿ. ಎಲ್ಲ ನಮ್ಮ ಜಿಲ್ಲೆಯೊಳಗೇ. ಕಾಶಿಗೆ ಹೋಗಿ ಬಂದವರು ನಮ್ಮೂರಿನಲ್ಲಿದ್ದಾರೆ, ಅವರು ಬರೆಯಲಿಲ್ಲ, ನೀನೇನು ಬರೆಯುತ್ತೀಯ ಎಂದು ಕೇಳಬಹುದು. ಆದರೆ ಆ ಎರಡು ದಿನಗಳಲ್ಲಿ ನಾನು ಪಟ್ಟ ಭಯವನ್ನು ಕಾಶಿಗೆ ಹೋದವರು ಪಟ್ಟಿರಲಾರರು. ಅದನ್ನು ಎಲ್ಲಾದರೂ ಇಳಿಸಬೇಕಿತ್ತು.

ನಮ್ಮನೆಯವರು ಮಂಡ್ಯದಲ್ಲಿ ಡೀಸೆಲ್ ಪಂಪಿನ ಮೇಸ್ತ್ರಿ. ಇಂಜಿನ್ನಿಗೆ ಎಣ್ಣೆ ತಳ್ಳುವ ಪಂಪನ್ನು, ಎಣ್ಣೆ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿ ಸರಿಮಾಡುವುದು ಅವರ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಿ ತೊಂದರೆ ಎಂಬುದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಇಂಜಿನ್ನು ಸದ್ದು ಮಾಡುತ್ತಿದ್ದರೆ ಜೀವ ಇದೆ, ದೂರ ಇರು. ಸುಮ್ಮನಾದರೆ ಸತ್ತಿದೆ, ಕೈ ಹಾಕು. ಅವರ ಜೀವಮಾನದ ವಿದ್ಯೆಯೆಲ್ಲ ಈ ಎರಡು ಮಾತಿನ ಮೇಲೆ ನಿಂತಿತ್ತು. ಮನೆಗೆ ಬಂದರೆ ಬಚ್ಚಲಲ್ಲಿ ಎಷ್ಟು ಸೋಪು ಹಾಕಿದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ನಾನು ಬೈಯುತ್ತಿದ್ದೆ. ಈಗ ಆ ವಾಸನೆ ಇಲ್ಲ, ಬೈಯಲು ಇನ್ನೇನಾದರೂ ಹುಡುಕಬೇಕು.

ಮಂಡ್ಯದಲ್ಲಿ ಬಸ್ಸು ಬದಲಾಯಿಸುವ ಮುಂಚೆ, ಮುಚ್ಚಿದ ನಮ್ಮ ಅಂಗಡಿಯ ಬೀಗ ನೋಡಿ ಬರೋಣ ಎಂದರು. ಹೋದೆವು. ಒಂದು ಕಾಲಕ್ಕೆ ಆ ಸಾಲಿನಲ್ಲಿ ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಲೇತ್ ಅಂಗಡಿ, ಬಿಡಿಭಾಗಗಳ ಅಂಗಡಿ, ಟೈರಿನವರು, ಎಲ್ಲರಿಗೂ ಟೀ ಕೊಡುವ ಗೌರಮ್ಮನ ಗೂಡಂಗಡಿ. ದೊಡ್ಡ ರಸ್ತೆ ಊರ ಹೊರಗೆ ಹೋದ ಮೇಲೆ ಲಾರಿಗಳು ಒಳಗೆ ಬರುವುದು ನಿಂತಿತು. ಆಮೇಲೆ ಆಟೋಗಳು ಬ್ಯಾಟರಿಗೆ ತಿರುಗಿದವು, ನಾಲೆಯ ಪಕ್ಕದ ರೈತರು ಡೀಸೆಲ್ ಇಂಜಿನ್ನುಗಳನ್ನು ಗುಜರಿಗೆ ಹಾಕಿ ಸೋಲಾರ್ ಪಂಪು ಕೂರಿಸಿಕೊಂಡರು. ಈಗ ಲೇತ್ ಇದ್ದ ಕಡೆ ಗೋಬಿ ಮಂಚೂರಿ. ಗೌರಮ್ಮ ಮಗಳ ಮನೆಗೆ ಹೋದಳಂತೆ. ನಮ್ಮ ಶಟರಿನ ಬುಡದಲ್ಲಿ ಗಾಳಿ ತಂದು ಹಾಕಿದ ಕಸ ಗುಡ್ಡೆಯಾಗಿತ್ತು. ಅವರು ಅದನ್ನು ಕಾಲಿನಲ್ಲಿ ಸರಿಸಿ, ಬೀಗ ಎಳೆದು ನೋಡಿ ತಿರುಗಿದರು.

ಹೀಗೆ ಕೆಲಸ ಕಳೆದುಕೊಂಡ ಡೀಸೆಲ್ ಮೇಸ್ತ್ರಿಗಳಿಗೆ ಸೋಲಾರ್ ಪಂಪಿನ ರಿಪೇರಿ ಕಲಿಸಿ ಕೆಲಸ ಕೊಡುವ ಒಂದು ಸಂಸ್ಥೆ ಮಳವಳ್ಳಿಯಲ್ಲಿತ್ತು. ಅಲ್ಲಿ ತರಬೇತಿ ಮುಗಿಸಿದ್ದರು. ಅಂದು ಪರೀಕ್ಷೆ. ಬಂಡೂರಿನ ತೋಟವೊಂದರಲ್ಲಿ ಕೆಟ್ಟು ನಿಂತ ಪಂಪನ್ನು ಸರಿಮಾಡಿ ತೋರಿಸಬೇಕು. ಮಾಡಿದರೆ ತಾಲ್ಲೂಕಿನ ಕೆಲಸ ಇವರದು. ಮಾಡದಿದ್ದರೆ ಆ ಕಸದ ಗುಡ್ಡೆಯೇ ಗತಿ.

ನನಗೆ ಬೇರೆ ಭಯವಿತ್ತು. ನಾನು ಲಂಗ ಹಾಕುವ ವಯಸ್ಸಿನಲ್ಲಿ ನಮ್ಮ ಚಿಕ್ಕಪ್ಪ ಗದ್ದೆಯ ಮೋಟಾರ್ ಪೆಟ್ಟಿಗೆಗೆ ಕೈ ಹಾಕಿ ಅಲ್ಲೇ ಉಳಿದರು. ಬುತ್ತಿ ತೆಗೆದುಕೊಂಡು ಹೋದವಳು ನಾನು. ಬದುವಿನ ಮೇಲೆ ಅವರ ಚಪ್ಪಲಿಗಳು ಜೋಡಿಸಿಟ್ಟ ಹಾಗೆ ಇದ್ದವು. ಅಂದಿನಿಂದ ಕರೆಂಟು ಎಂದರೆ ನನಗೆ ಹಾವು. ಮನೆಯಲ್ಲಿ ಮಿಕ್ಸಿಯ ಪ್ಲಗ್ಗನ್ನು ಒಣ ಬಟ್ಟೆ ಸುತ್ತಿ ಹಿಡಿಯುತ್ತೇನೆ. ಡೀಸೆಲ್ಲಿನವನಿಗೆ ಮದುವೆ ಮಾಡಿಕೊಟ್ಟಿದ್ದಾರೆ, ಕರೆಂಟಿನ ಗೊಡವೆ ಇಲ್ಲ ಎಂದು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಮುತ್ತತ್ತಿ ಆಂಜನೇಯನಿಗೆ ಕಾಯಿ ಒಡೆಯಬೇಕು, ಹೇಗೂ ಅದೇ ದಾರಿ ಎಂದು ಹೇಳಿ ಅವರ ಜೊತೆ ಹೊರಟಿದ್ದೆ. ಹರಕೆ ಏನೆಂದು ಹೇಳಿರಲಿಲ್ಲ. ಈ ಕೆಲಸ ಇವರಿಗೆ ಸಿಗದ ಹಾಗೆ ಮಾಡಪ್ಪ, ಎರಡೂ ಕೈ ನೆಟ್ಟಗಿಟ್ಟು ಮನೆಗೆ ಕಳಿಸಪ್ಪ ಎಂಬುದು ನನ್ನ ಹರಕೆ. ಕೆಲಸ ಸಿಗದಿದ್ದರೆ ಒಲೆ ಹೇಗೆ ಉರಿಯುತ್ತದೆ ಎಂದು ಯೋಚಿಸಿರಲಿಲ್ಲವೆಂದಲ್ಲ. ಯೋಚಿಸಿದರೆ ಆ ಕಡೆಯಿಂದ ಇನ್ನೊಂದು ಭಯ ಬರುತ್ತಿತ್ತು, ಅದಕ್ಕೇ ಬಿಟ್ಟಿದ್ದೆ.

ಮಂಡ್ಯದಿಂದ ಮದ್ದೂರಿಗೆ ಇಪ್ಪತ್ತು ಕಿಲೋಮೀಟರಿನ ಸುಮಾರು. ಆಧಾರ್ ಕಾರ್ಡು ತೋರಿಸಿದ ನನಗೆ ಸೊನ್ನೆ ರೂಪಾಯಿಯ ಟಿಕೆಟು, ಪಕ್ಕದಲ್ಲಿ ಕೂತ ಅವರಿಗೆ ಪೂರ್ತಿ ಟಿಕೆಟು. ಮದ್ದೂರಿನಲ್ಲಿ ಅಮೀರಣ್ಣ ನಮಗಾಗಿ ಕಾಯುತ್ತಿದ್ದರು. ಅವರು ಎಳನೀರು ಮಾರುಕಟ್ಟೆಯ ಹತ್ತಿರ ಟೆಂಪೋ ಇಂಜಿನ್ನುಗಳನ್ನು ಇಳಿಸಿ ಕೂರಿಸುತ್ತಿದ್ದವರು. ಬೇಕಾದ ಪಂಪು, ನಾಝಲ್ ಎಲ್ಲ ನಮ್ಮ ಅಂಗಡಿಗೇ ಬರುತ್ತಿದ್ದವು. ಹಾಗೆ ಬೆಳೆದ ಸ್ನೇಹ. ಈಗ ಅವರ ಶೆಡ್ಡಿನ ಮುಂದಿನ ಅರ್ಧದಲ್ಲಿ ಕೋಳಿ ಅಂಗಡಿ. ಅವರೂ ಇದೇ ಪರೀಕ್ಷೆಗೆ ಬಂದಿದ್ದರು, ಜೋಡಿಯಾಗಿ ಕೆಲಸ ಮಾಡಬೇಕೆಂಬುದು ಸಂಸ್ಥೆಯ ನಿಯಮ.

ಮದ್ದೂರಿಗೆ ಹೋಗಿ ವಡೆ ತಿನ್ನದೆ ಬಂದರೆ ಊರಿನಲ್ಲಿ ಹತ್ತು ಜನ ಕೇಳುತ್ತಾರೆಂದು ತಿಂದೆ. ಗರಿಗರಿಯಾಗಿತ್ತು, ಆದರೂ ಅರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಮೀರಣ್ಣ ನನ್ನ ಮುಖ ನೋಡಿ, "ಅಕ್ಕ, ಪರೀಕ್ಸೆ ನಮ್ಗೆ, ಜ್ವರ ನಿಮ್ಗೆ ಬಂದೈತಲ್ಲ" ಎಂದರು. ನಗುತ್ತಾ ಹೇಳಿದರೂ ಅವರ ಟೀ ಲೋಟದಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು.

ಮಳವಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮೋಡ ಬರುವುದು, ಹೋಗುವುದು. ಮೋಡ ಸರಿದಾಗ ಬಿಸಿಲು ಕಬ್ಬಿನ ಗರಿಗಳ ಮೇಲೆ ಹೊಳೆಯುತ್ತಿತ್ತು. ಅಲ್ಲಲ್ಲಿ ಗದ್ದೆ ನಡುವೆ ಸೋಲಾರ್ ಹಲಗೆಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಹತ್ತಿರದಲ್ಲಿ ನೀರು ಹರಿಯುತ್ತಿತ್ತು, ಸದ್ದೇ ಇಲ್ಲ. ನಾಲೆಯ ಬದಿಯಲ್ಲಿ ಇಂಜಿನ್ನಿನ ಡುಗುಡುಗು ಕೇಳಿ ಬೆಳೆದವಳಿಗೆ ಇದೇನೋ ಸರಿ ಕಾಣಲಿಲ್ಲ. ಸದ್ದು ಮಾಡುವ ನಾಯಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಇದು ಗೊತ್ತೇ ಆಗುವುದಿಲ್ಲವಲ್ಲ ಎಂದುಕೊಂಡೆ.

ಸಂಸ್ಥೆಯ ಶೆಡ್ಡು ಮಳವಳ್ಳಿ ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರ. ಅಲ್ಲಿ ಕಲಿಸುವವರು ರೂಪಾ ಎಂಬ ಹೆಣ್ಣುಮಗಳು, ನಮ್ಮ ಮಗಳು ಸುಮಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಓದಿದ್ದು ಇಂಜಿನಿಯರಿಂಗ್, ಮಾತು ಖಡಕ್ಕು. ನನ್ನನ್ನು ಕೂರಿಸಿ ನೀರು ಕೊಟ್ಟು, ನಿಮ್ಮ ಯಜಮಾನರ ಹೆಸರೇನಮ್ಮ ಎಂದು ಕೇಳಿದರು. ಅಲ್ಲಿ ಇನ್ನೂ ಕೆಲವರು ಮೇಸ್ತ್ರಿಗಳಿದ್ದರು. ನಾನು ಗದ್ದ ಎತ್ತಿ ನಮ್ಮನೆಯವರ ಕಡೆ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದರು. ಆಗ ಅಮೀರಣ್ಣ, "ಅದನ್ನ ಅಕ್ಕ ಬಾಯಲ್ಲಿ ಆಡಕಿಲ್ಲ ಮೇಡಂ. ನಾನ್ ಏಳ್ತೀನಿ ತಕಳಿ" ಎಂದು ಹೆಸರು ಹೇಳಿದರು.

ಗಂಡನ ಹೆಸರು ಹಿಡಿದು ಕರೆದರೆ ಅವರ ಆಯಸ್ಸು ಸವೆಯುತ್ತದೆ ಎಂದು ನನ್ನ ಅವ್ವ ಧಾರೆಯ ದಿನವೇ ಕಿವಿಯಲ್ಲಿ ಹೇಳಿ ಕಳಿಸಿದ್ದಳು. ನಂಬುತ್ತೀಯಾ ಎಂದು ಕೇಳಬೇಡಿ. ನಂಬುವುದು ಬಿಡುವುದು ಬೇರೆ, ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದೆ? ಇಷ್ಟು ವರ್ಷ ‘ಏನೂಂದ್ರೆ’ ಎಂದೇ ಕರೆದಿದ್ದೇನೆ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಇಲ್ಲಿ ಬರೆಯುವಾಗಲೂ ನಮ್ಮನೆಯವರು ಎಂದೇ ಬರೆಯುತ್ತಾ ಬಂದಿದ್ದೇನೆ, ಗಮನಿಸಿರುತ್ತೀರಿ.

ಹೊರಡುವ ಮುಂಚೆ ರೂಪಾ ಇಬ್ಬರನ್ನೂ ನಿಲ್ಲಿಸಿಕೊಂಡು ಪಾಠವನ್ನು ಮತ್ತೊಮ್ಮೆ ಹೇಳಿದರು. ನಾನೂ ಕೇಳಿಸಿಕೊಂಡೆ, ಕೇಳಿಸಿಕೊಳ್ಳದಿದ್ದರೆ ಚೆನ್ನಾಗಿತ್ತು. ಸ್ವಿಚ್ ಆರಿಸಿದರೆ ಪಂಪು ನಿಲ್ಲುತ್ತದೆ, ಹಲಗೆ ನಿಲ್ಲುವುದಿಲ್ಲ. ಬಿಸಿಲು ಇರುವವರೆಗೂ ಹಲಗೆಯಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. "ಸೂರ್ಯನಿಗೆ ಸ್ವಿಚ್ ಇಲ್ಲ, ನೆನಪಿಟ್ಕೊಳ್ಳಿ" ಎಂದರು. ಅದಕ್ಕೇ ಆ ತಂತಿ ಮುಟ್ಟುವ ಮೊದಲು ಹಲಗೆಗಳಿಗೆ ದಪ್ಪ ಹೊದಿಕೆ ಹೊದಿಸಬೇಕು, ಮೀಟರ್ ಹಿಡಿದು ನೋಡಬೇಕು, ರಬ್ಬರ್ ಗ್ಲೌಸ್ ಹಾಕಬೇಕು. ಒಬ್ಬ ಕೆಲಸ ಮಾಡಿದರೆ ಇನ್ನೊಬ್ಬ ಹೊದಿಕೆಯನ್ನೇ ನೋಡುತ್ತಿರಬೇಕು. ನಮ್ಮನೆಯವರು ತಲೆ ಆಡಿಸಿದರು. ಅವರ ಎಡಗೈ ಮಾತ್ರ ಚೀಲದೊಳಗಿನ ಉದ್ದ ಸ್ಕ್ರೂಡ್ರೈವರನ್ನು ಸವರುತ್ತಿತ್ತು. ಆ ಕೈ ನನಗೆ ಗೊತ್ತು. ಇನ್ನೂ ಸದ್ದನ್ನೇ ಹುಡುಕುತ್ತಿತ್ತು.

ಬಂಡೂರಿಗೆ ಸಂಸ್ಥೆಯ ಬ್ಯಾಟರಿ ಆಟೋದಲ್ಲಿ ಹೋದೆವು. ಅದೂ ಸದ್ದಿಲ್ಲದ್ದು. ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆಗಳು ನಾವು ಪಕ್ಕಕ್ಕೆ ಬಂದಾಗಲೇ ಬೆದರಿದವು. ಬಂಡೂರು ಕುರಿಗಳ ಊರು. ಗಿಡ್ಡ ಕಾಲಿನ, ಮೈ ತುಂಬಿಕೊಂಡ ಬಿಳಿ ಕುರಿಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಾವು ಹೋದ ತೋಟದ ಬೋರೇಗೌಡರಿಗೂ ಒಂದು ದೊಡ್ಡಿ ತುಂಬ ಕುರಿಗಳಿದ್ದವು. ಮಜ್ಜಿಗೆ ಕೊಟ್ಟರು. ಪಂಪು ನಿಂತು ವಾರವಾಯಿತು, ಬಾಳೆ ಬಾಡುತ್ತಿದೆ ಎಂದು ತೋರಿಸಿದರು. ತೋಟದ ಮೂಲೆಯಲ್ಲಿ ಕಬ್ಬಿಣದ ಕಂಬಗಳ ಮೇಲೆ ಎರಡು ಸಾಲು ಹಲಗೆಗಳು ವಾಲಿಕೊಂಡಿದ್ದವು, ಅವುಗಳ ನೆರಳಿನಲ್ಲಿ ಒಂದು ಪೆಟ್ಟಿಗೆ. ಗಾಳಿಗೆ ಬಾಳೆಯ ಎಲೆಗಳು ಹರಿದು ಪಟಪಟ ಅನ್ನುತ್ತಿದ್ದವು.

ತೊಂದರೆ ಬೇಗ ಸಿಕ್ಕಿತು. ಹಲಗೆಯಿಂದ ಪೆಟ್ಟಿಗೆಗೆ ಇಳಿಯುವ ತಂತಿಯನ್ನು ಇಲಿ ಕಚ್ಚಿ ಹಾಕಿತ್ತು. ಅಂದರೆ ಸರಿಯಾಗಿ ಆ ಜಾಗವೇ, ಸ್ವಿಚ್ ಆರಿಸಿದರೂ ಕರೆಂಟು ಇರುವ ಜಾಗ. ಹೊದಿಸಲು ತಂದ ಟಾರ್ಪಾಲು ಒಂದು ಸಾಲಿಗೆ ಮಾತ್ರ ಸಾಕಾಯಿತು. ಬೋರೇಗೌಡರು ಒಳಗೆ ಹೋಗಿ ಕರಿ ಕಂಬಳಿಗಳನ್ನು ತಂದರು. ಎರಡನೇ ಸಾಲಿಗೆ ಕಂಬಳಿ ಹೊದಿಸಿ, ಅಂಚಿಗೆ ಕಲ್ಲು ಹೇರಿದರು. ಬಿಸಿಲಿಗೆ ಕಂಬಳಿ ಹೊದಿಸುವುದನ್ನು ನಾನು ಅದೇ ಮೊದಲು ನೋಡಿದ್ದು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ರೂಪಾ ಮೀಟರ್ ಹಿಡಿದು ನೋಡಿ, ಸರಿ, ಈಗ ಮಾಡಿ ಎಂದು ಹೇಳಿ, ಬಾವಿಯ ಹತ್ತಿರ ಪೈಪು ನೋಡಲು ಬೋರೇಗೌಡರೊಂದಿಗೆ ನಡೆದರು. ನಾನು ಬದುವಿನ ಮೇಲೆ ಕೂತೆ. ನಮ್ಮನೆಯವರು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲು ಮಾಡಿದ್ದೇನು ಗೊತ್ತೇ? ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಪೆಟ್ಟಿಗೆಯ ತಗಡಿಗೆ ಒತ್ತಿ ಕೇಳಿದರು. ಏನೂ ಕೇಳಿಸಿರಲಾರದು. ತೃಪ್ತಿಯಿಂದ ತಲೆ ಆಡಿಸಿದರು. ಆಮೇಲೆ ಗ್ಲೌಸ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು, ಗ್ಲೌಸಿನಲ್ಲಿ ತಂತಿಯ ಎಳೆ ಕೈಗೆ ಹತ್ತುವುದಿಲ್ಲವೆಂದು. ಹೊದಿಕೆ ನೋಡಬೇಕಾದ ಅಮೀರಣ್ಣ ಕೂಡ, ಮೇಸ್ತ್ರಿಗೆ ಕತ್ತಲೆಯಾಗುತ್ತದೆ ಎಂದು ಟಾರ್ಚ್ ಹಿಡಿದು ಹಲಗೆಯ ಕೆಳಗೆ ತೂರಿದರು. ಅಂಗಡಿಯಲ್ಲಿ ಇಷ್ಟು ವರ್ಷ ಇಬ್ಬರೂ ಹಾಗೇ ಕೆಲಸ ಮಾಡಿದವರು, ಒಬ್ಬ ಬಿಚ್ಚಿದರೆ ಇನ್ನೊಬ್ಬ ಬೆಳಕು ಹಿಡಿಯುವುದು.

ನಾನು ಒಬ್ಬಳೇ ಹೊರಗಿದ್ದೆ. ಭಯಕ್ಕೆ ಅವರ ಕೈ ನೋಡಲಾಗದೆ ಕಂಬಳಿಯನ್ನೇ ನೋಡುತ್ತಿದ್ದೆ. ಮೋಡ ಸರಿಯಿತು, ಬಿಸಿಲು ಚುರುಕಾಯಿತು. ಅದರ ಹಿಂದೆಯೇ ಒಂದು ಗಾಳಿ ಬಂತು. ಕಂಬಳಿಯ ಒಂದು ಮೂಲೆ ಎದ್ದಿತು, ಕಲ್ಲು ಉರುಳಿತು, ಇಡೀ ಕಂಬಳಿ ಸೆರಗು ಜಾರಿದ ಹಾಗೆ ಆ ಕಡೆಗೆ ಜಾರಿಹೋಯಿತು. ಸಾಲಿನ ಅರ್ಧ ಹಲಗೆಗಳು ಬಯಲಾಗಿ ಬಿಸಿಲಿಗೆ ಫಳ್ಳೆಂದವು. ಯಾವ ಸದ್ದೂ ಆಗಲಿಲ್ಲ. ಕೆಳಗೆ ಅವರ ಬರಿಗೈ ತಂತಿಯ ಕಡೆ ಹೋಗುತ್ತಿತ್ತು.

‘ಏನೂಂದ್ರೆ’ ಎಂದು ಕೂಗಿದೆ. ಅವರು ತಿರುಗದೆಯೇ "ಇರು, ಬಂದೆ" ಅಂದರು. ದಿನಕ್ಕೆ ನೂರು ಸಲ ಕೇಳಿದ ಕರೆ, ಮಜ್ಜಿಗೆ ಕುಡಿಯಲು ಕರೆಯುತ್ತಿದ್ದೇನೆ ಎಂದುಕೊಂಡಿರಬೇಕು. ಕೈ ನಿಲ್ಲಲಿಲ್ಲ.

"ಪುಟ್ಟಸ್ವಾಮೀ..."

ಅದು ನನ್ನ ಗಂಟಲಿನಿಂದಲೇ ಬಂತು. ಬಾವಿಯ ಹತ್ತಿರ ಇದ್ದವರು ತಿರುಗಿದರು, ದೊಡ್ಡಿಯ ಕುರಿಗಳು ಒಟ್ಟಿಗೆ ತಲೆ ಎತ್ತಿದವು. ನಮ್ಮನೆಯವರು ಕಲ್ಲಾಗಿ ಹೋದರು. ಕೈ ತಂತಿಗೆ ಒಂದು ಗೇಣಿನಷ್ಟು ದೂರದಲ್ಲಿ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಇದ್ದದ್ದು ಕರೆಂಟಿನ ಭಯವಲ್ಲ. ನನ್ನ ಬಾಯಲ್ಲಿ ಅವರ ಹೆಸರು ಕೇಳಿದ ದಿಗಿಲು.

ರೂಪಾ ಓಡಿಬಂದು ಮೀಟರ್ ಹಿಡಿದರು. ಅದರ ಅಂಕಿ ಓಡಿ ಮೇಲೇರಿತು. ಅಮೀರಣ್ಣ ಟಾರ್ಚ್ ಆರಿಸಿ ಹಲಗೆಯ ಕೆಳಗಿನಿಂದ ಈಚೆ ಬಂದು ನೆಲದ ಮೇಲೆ ಕೂತುಬಿಟ್ಟರು. "ನಂದೇ ತಪ್ಪು ಕಣಕ್ಕ. ನಾನು ಮ್ಯಾಲೆ ನೋಡ್ಬೇಕಿತ್ತು" ಎಂದರು. ಬದುವಿನ ಕೆಳಗೆ ನಮ್ಮನೆಯವರು ಕೆಲಸಕ್ಕೆ ಕೂರುವ ಮುಂಚೆ ಬಿಟ್ಟ ಚಪ್ಪಲಿಗಳಿದ್ದವು. ಅವು ಕಣ್ಣಿಗೆ ಬಿದ್ದದ್ದೇ ತಡ, ಅಳು ಬಂತು.

ರೂಪಾ ಇಬ್ಬರಿಗೂ ಚೆನ್ನಾಗಿ ಬೈದರು. ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ, ಸಲ್ಲಬೇಕಾದದ್ದೇ ಸಂದಿತು. ಮತ್ತೆ ಕಂಬಳಿ ಹೊದಿಸಿ, ಈ ಸಲ ಹಗ್ಗ ಬಿಗಿದು, ಗ್ಲೌಸ್ ಹಾಕಿಸಿ ಕೆಲಸ ಮಾಡಿಸಿದರು. ತಂತಿ ಬದಲಾಯಿತು. ಕಂಬಳಿ ತೆಗೆದರು. ಪೈಪಿನಿಂದ ನೀರು ಬಂತು, ಅದೂ ಕದ್ದು ಬರುವ ಹಾಗೆ. ಬೋರೇಗೌಡರು ಕೈಯೊಡ್ಡಿ ಮುಖ ತೊಳೆದುಕೊಂಡರು. ನಮ್ಮನೆಯವರು ನೀರನ್ನು ನೋಡುತ್ತಾ ನಿಂತರು. ನನ್ನ ಕಡೆ ನೋಡಲಿಲ್ಲ.

ಪರೀಕ್ಷೆಯ ಫಲಿತಾಂಶವನ್ನು ರೂಪಾ ಅಲ್ಲೇ ಹೇಳಿದರು. ಕೈಕೆಲಸದಲ್ಲಿ ಇಬ್ಬರೂ ಗಟ್ಟಿ. ಆದರೆ ಇಬ್ಬರನ್ನೇ ಕಳಿಸಲು ತಮಗೆ ಧೈರ್ಯವಿಲ್ಲ, ಇಬ್ಬರೂ ಒಳಗೆ ತೂರುವವರು. ಮೂರನೆಯವರೊಬ್ಬರು ಬೇಕು, ಹೊರಗೆ ನಿಂತು ಹೊದಿಕೆ ನೋಡಲಿಕ್ಕೆ. ಹಾಗೆ ಸಿಕ್ಕಿದರೆ ಸೋಮವಾರದಿಂದ ಕೆಲಸ, ಇಲ್ಲದಿದ್ದರೆ ಇಲ್ಲ. ಸಂಬಳ ಕೊಡುವ ಕೆಲಸವೇ. ಇಷ್ಟು ಹೇಳಿ ನನ್ನ ಮುಖ ನೋಡಿದರು.

ನನಗೆ ಕರೆಂಟು ಕಂಡರೆ ಭಯ, ಮಿಕ್ಸಿ ಮುಟ್ಟಲೂ ಭಯ ಎಂದು ಹೇಳಿದೆ.

"ಭಯ ಇಲ್ಲದೇ ಇರೋರು ಇಬ್ಬರು ಇದ್ದಾರಲ್ಲಮ್ಮ, ಸಾಕು" ಎಂದರು ರೂಪಾ. ಒಂದು ಷರತ್ತು ಮಾತ್ರ ಎಂದರು. ಹೆಸರು ಹಿಡಿದೇ ಕೂಗಬೇಕು. ಏನೂಂದ್ರೆ ಎಂದರೆ ಯಾರೂ ನಿಲ್ಲುವುದಿಲ್ಲ, ಅದನ್ನು ಈಗಷ್ಟೇ ನೋಡಿದೆವು. ಹೆಸರು ಕಿವಿಗೆ ಬಿದ್ದ ಕೂಡಲೇ ಕೆಲಸ ಮಾಡುವವರು ಎರಡೂ ಕೈ ಮೇಲೆತ್ತಬೇಕು. ಏನಾಯಿತು ಎಂದು ಕೇಳುವುದು ಆಮೇಲೆ.

ನಾನು ಮಜ್ಜಿಗೆಯ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಪೈಪಿನ ಕಡೆ ಹೋದೆ.

ಆ ರಾತ್ರಿ ಮಳವಳ್ಳಿಯಲ್ಲಿ ನನ್ನ ಅವ್ವನ ತಂಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮುದ್ದೆ, ಉಪ್ಸಾರು. ನಮ್ಮನೆಯವರು ಬಂಡೂರಿನಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಚಿಕ್ಕಮ್ಮನಿಗೆ ನಡೆದದ್ದು ಹೇಳಿದೆ. ಕೈ ಉಳಿಯಿತಲ್ಲ ಎಂದು ಸಮಾಧಾನ ಹೇಳುತ್ತಾಳೆಂದುಕೊಂಡರೆ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಷ್ಟು ಜನದ ಮುಂದೆ ಎಸ್ರಿಡಿದು ಕೂಗ್ಬುಟ್ಟಾ? ಬೆಳಗ್ಗೆ ಎದ್ದೇಟ್ಗೆ ಮುತ್ತತ್ತಿಗೋಗು ಕಣಮ್ಮ, ತಪ್ಪಾಯ್ತು ಅಂತ ಕಾಯಿ ಒಡಿ" ಎಂದಳು. ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಕೈ ಉಳಿಸಿಕೊಂಡೆನೆಂದುಕೊಂಡರೆ ಆಯಸ್ಸಿನಲ್ಲಿ ಕಳೆದುಬಿಟ್ಟೆನೇ?

ಬೆಳಗ್ಗೆ ಹಲಗೂರಿನ ಮೇಲೆ ಮುತ್ತತ್ತಿಯ ಬಸ್ಸು ಹಿಡಿದೆವು. ಅದು ತಪ್ಪಿದರೆ ಮತ್ತೆ ಬಸ್ಸಿಗಾಗಿ ಕಾದು ಕಾದು ಸುಸ್ತಾಗಬೇಕು. ಹಲಗೂರು ದಾಟಿದ ಮೇಲೆ ಕಾಡು. ರಸ್ತೆ ಇಳಿಯುತ್ತಾ ತಿರುಗುತ್ತಾ ಹೋಗುತ್ತದೆ. ಆನೆ ದಾಟುವ ಜಾಗ ಎಂಬ ಬೋರ್ಡುಗಳು. ಒಣ ಎಲೆ ಅಲುಗಿದರೂ ನನಗೆ ಆನೆಯೇ. ಆದರೆ ನಿಜ ಹೇಳುತ್ತೇನೆ, ಆನೆಗಿಂತ ಪಕ್ಕದಲ್ಲಿ ಬಾಯಿ ಬಿಗಿದು ಕೂತವರ ಮೌನವೇ ಹೆಚ್ಚು ಹೆದರಿಸುತ್ತಿತ್ತು.

ಮುತ್ತತ್ತಿಯಲ್ಲಿ ಹೊಳೆ ಅಗಲವಾಗಿ, ಕೆಂಪಾಗಿ ಹರಿಯುತ್ತಿತ್ತು. ಸೀತಮ್ಮನ ಮೂಗುತಿಯ ಮುತ್ತು ಇಲ್ಲಿ ನೀರಿಗೆ ಬಿದ್ದಾಗ ಹನುಮಂತ ಬಾಲದಿಂದ ತಡಕಿ ತೆಗೆದುಕೊಟ್ಟ ಎನ್ನುತ್ತಾರೆ. ಕಳೆದದ್ದನ್ನು ತೆಗೆದುಕೊಡುವ ದೇವರು ಎಂದೇ ನಮ್ಮ ಕಡೆಯವರು ಬರುವುದು. ದಡದಲ್ಲಿ ಸುಳಿ ಇದೆ, ಇಳಿಯಬೇಡಿ ಎಂದು ಬೋರ್ಡು ಹಾಕಿದ್ದಾರೆ. ಅದರ ಪಕ್ಕದಲ್ಲೇ ಜನ ಪಂಚೆ ಎತ್ತಿಕೊಂಡು ಇಳಿಯುತ್ತಿದ್ದರು. ಕೋತಿಯೊಂದು ನನ್ನ ಚೀಲದ ಮೇಲೆ ಕಣ್ಣಿಟ್ಟು ಗುಡಿಯ ಬಾಗಿಲವರೆಗೂ ಜೊತೆಗೆ ಬಂತು.

ಕಾಯಿ ಕೊಟ್ಟೆ. ಪೂಜಾರಿ ಯಾರ ಹೆಸರಿಗೆ ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ನಮ್ಮನೆಯವರು ತಾವೇ ಹೇಳಿಕೊಳ್ಳುವುದು ವಾಡಿಕೆ. ಕಾದೆ. ಅವರು ಹೇಳಲಿಲ್ಲ. ತಿರುಗಿ ನೋಡಿದರೆ ಕೈ ಮುಗಿದು ನಿಂತಿದ್ದಾರೆ, ತುಟಿ ಮಾತ್ರ ಬಿಗಿದಿದೆ. ಪೂಜಾರಿ ಮತ್ತೆ ಕೇಳಿದರು. ಆಗ ಬಂಡೂರಿನಿಂದ ಈಚೆಗೆ ಮೊದಲನೇ ಸಲ ನನ್ನೊಂದಿಗೆ ಮಾತಾಡಿದರು.

"ನೀನೇ ಏಳು. ಸೋಮವಾರದಿಂದ ಏಳ್ಬೇಕಲ್ಲ."

ಅಷ್ಟು ಹೊತ್ತು ಸಿಟ್ಟೆಂದು ನಾನು ತಿಳಿದದ್ದು ಸಿಟ್ಟಾಗಿರಲಿಲ್ಲ. ಅವರೂ ಹೆದರಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರ ಕಿವಿ ಅವರಿಗೆ ಸುಳ್ಳು ಹೇಳಿತ್ತು. ಇನ್ನು ಮುಂದೆ ನನ್ನ ಕಣ್ಣನ್ನು ನಂಬಿ ಕೈ ಹಾಕಬೇಕು. ಅದನ್ನು ಒಪ್ಪಿಕೊಳ್ಳಲು ಅವರಿಗೆ ಒಂದು ರಾತ್ರಿ, ಅರ್ಧ ಬೆಳಗು ಹಿಡಿದಿತ್ತು.

ಹೇಳಿದೆ. ಪೂಜಾರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಮ್ಮ ಎಂದರು. ಜೋರಾಗಿ ಹೇಳಿದೆ. ಕಾಯಿ ಒಡೆಯಿತು. ಮನೆಯಿಂದ ಹೊತ್ತು ತಂದ ಹರಕೆಯನ್ನು ಬೇಡಲು ಬಾಯಿ ಬರಲಿಲ್ಲ. ಈ ಹೆಸರನ್ನು ಇನ್ನು ದಿನಾ ಕೂಗಬೇಕಾಗುತ್ತದೆ, ಒಂದೊಂದು ಸಲ ಕೂಗಿದಾಗಲೂ ಇವರ ಆಯಸ್ಸು ಎಷ್ಟು ಸವೆಯುತ್ತದೋ ಅಷ್ಟನ್ನು ನನ್ನದರಿಂದ ತೆಗೆದು ತುಂಬಪ್ಪ ಎಂದು ಬೇಡಿಕೊಂಡೆ. ಭಯ ಹೋಯಿತೆಂದು ಬರೆಯಲಾರೆ. ಹೋಗಲಿಲ್ಲ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಎದುರಿಗೆ ನಿಂತು ಹೆದರುವುದು ಮೇಲು ಅನಿಸಿತು, ಅಷ್ಟೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ತಿಂದಾದ ಮೇಲೆ ಅವರು ನನಗೆ ಬೆನ್ನು ಮಾಡಿ ಮರಳಿನ ಮೇಲೆ ಕೂತು, ಅಭ್ಯಾಸ ಮಾಡೋಣ, ಕೂಗು ಎಂದರು. ಅಕ್ಕಪಕ್ಕ ಸಂಸಾರವಂದಿಗರು ಬಾಡೂಟ ಬೇಯಿಸುತ್ತಿದ್ದರು. ನಾಚಿಕೆ ಬಿಟ್ಟು ಕೂಗಿದೆ. ಎರಡೂ ಕೈ ಮೇಲೆತ್ತಿದರು. ಮತ್ತೆ ಕೂಗಿದೆ, ಮತ್ತೆ ಎತ್ತಿದರು. ಒಲೆಯ ಮುಂದಿದ್ದ ಹೆಂಗಸೊಬ್ಬಳು ಸೌಟು ಹಿಡಿದುಕೊಂಡು ನಮ್ಮನ್ನೇ ನೋಡಿದಳು, ಏನೆಂದುಕೊಂಡಳೋ.

ಹಿಂದಿರುಗುವ ಬಸ್ಸು ಹಲಗೂರು, ಮಳವಳ್ಳಿ ದಾಟಿ ಮದ್ದೂರಿನ ಕಡೆ ಹೊರಟಾಗ ಮಧ್ಯಾಹ್ನದ ಬಿಸಿಲು. ಗಾಳಿ ಮಾತ್ರ ಹಾಗೇ ಇತ್ತು. ನಮ್ಮನೆಯವರು ನಿದ್ದೆ ಹೋಗಿ ನನ್ನ ಹೆಗಲ ಮೇಲೆ ವಾಲಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ರಸ್ತೆಯಾಚೆ ಒಂದು ಗದ್ದೆಯಲ್ಲಿ ಸೋಲಾರ್ ಹಲಗೆಗಳು ಬಿಸಿಲಿಗೆ ಬೇಟೆ ನಾಯಿಗಳ ಹಾಗೆ ಕಣ್ಣು ಬಿಟ್ಟಿದ್ದವು. ಕೆಳಗೆ ಯಾರೋ ಒಬ್ಬ ಬಗ್ಗಿ ಕೂತಿದ್ದ. ಹುಲ್ಲು ಕೊಯ್ಯುತ್ತಿದ್ದನೋ, ಏನೋ. ಅವನ ಮೇಲಿನ ಹಲಗೆಗಳಿಗೆ ಏನೂ ಹೊದಿಸಿರಲಿಲ್ಲ. ನೋಡುತ್ತಿದ್ದಂತೆ ಒಂದು ಗಾಳಿ ಬೀಸಿ ಕಬ್ಬೆಲ್ಲ ಒಂದೇ ಕಡೆಗೆ ಬಾಗಿತು.

ನಾನು ಬೇಕೆಂದು ಕೂಗಲಿಲ್ಲ. ಬಾಯಿಗೆ ತಾನೇ ಬಂದಿತ್ತು. ಇಡೀ ಬಸ್ಸು ನನ್ನ ಕಡೆ ತಿರುಗಿದಾಗಲೇ ನಾನು ಪುಟ್ಟಸ್ವಾಮಿ ಎಂದು ಕೂಗಿದ್ದೇನೆಂದು ಗೊತ್ತಾದದ್ದು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದ. ಪಕ್ಕಕ್ಕೆ ನೋಡಿದೆ. ನಮ್ಮನೆಯವರು ಕಣ್ಣು ಬಿಟ್ಟಿರಲಿಲ್ಲ, ನಿದ್ದೆ ಇನ್ನೂ ಪೂರ್ತಿ ಹರಿದಿರಲಿಲ್ಲ. ಎರಡೂ ಕೈ ಮಾತ್ರ ಮೇಲಕ್ಕೆತ್ತಿದ್ದರು.